ಒಂಬತ್ತನೇ ನಂಬರಿನ ಅಂಗಿ

ಯಲಬುರ್ಗಾದಾಗ ಹೊಳಿಯಪ್ಪನ ಮನಿ ಯಾವುದು ಅಂತ ಕೇಳಿದ್ರ, ಯಾವ ಹೊಳಿಯಪ್ಪ ಅಂತಾರ. ಫುಟ್‌ಬಾಲ್ ಹೊಳಿಯಪ್ಪ ಅಂದ್ರ ಸಾಕು, ಬಾಗಲಾ ತನಕ ತಂದು ಬಿಡ್ತಾರ. ತಹಶೀಲ್ದಾರ ಕಚೇರ್ಯಾಗ ಜವಾನ ಅಂವ. ಒಂದು ಟೇಬಲ್ಲಿನ ಫೈಲು ಇನ್ನೊಂದು ಟೇಬಲ್ಲಿಗೆ ಒಯ್ಯೂದು ಅವನ ನೌಕರಿ, ಒಯ್ಯೂ ದಾರ್ಯಾಗ ಸಿಕ್ಕವರನ್ನ ನಿಲ್ಲಿಸಿ ತನ್ನ ಕ್ಲಬ್ಬಿನ ಇತಿಹಾಸ ಹೇಳೂದು ಅವನ ಚಟ. ಪಹಣಿ ತಿದ್ದಸಾಕ ಬಂದವರು, ಪಿಂಚಣಿ ಕೇಳಾಕ ಬಂದ ಮುದುಕರು, ಎಲ್ಲಾರೂ ಕೇಳ್ಯಾರ. ಕೆಲವರು ಮೂರು ಮೂರು ಸಲ ಕೇಳ್ಯಾರ. ತಮ್ಮ ಫೈಲು ಅವನ ಕಂಕುಳಾಗ ಇರೂವಾಗ ಎದ್ದು ಹೋಗೂದಾದ್ರೂ ಹೆಂಗ, ನೀವ ಹೇಳ್ರಿ.

ಹಂಗ ನೋಡಿದ್ರ ಆ ಇತಿಹಾಸ ದೊಡ್ಡದೇನಲ್ಲ. ಕಚೇರಿ ಎದುರಿಗೆ ಚಾದಂಗಡಿ ಇಟ್ಟ ಶರಣಬಸಪ್ಪ ಅಂತೂ, "ನಿನ್ನ ಕ್ಲಬ್ಬಿನ ಇತಿಹಾಸ ನನ್ನ ಒಂದು ಘಾಣ ಮಿರ್ಚಿ ಬೇಯೂದ್ರಾಗ ಮುಗೀತೈತಿ ಬಿಡೋ" ಅಂತಿದ್ದ. ಹೊಳಿಯಪ್ಪ ಬಿಡಬೇಕಲ್ಲ? ಶಾವಿಗಿ ಎಳೆದಂಗ ಎಳೆದೂ ಎಳೆದೂ ಹೇಳ್ತಿದ್ದ.

ತೊಂಬತ್ತೇಳನೇ ಇಸವಿ. ಹೊಳಿಯಪ್ಪಗ ಆಗ ಇಪ್ಪತ್ತೈದು ವಯಸ್ಸು, ನೌಕರಿ ಇನ್ನೂ ಸಿಕ್ಕಿದ್ದಿಲ್ಲ, ಹುಲಗೆಮ್ಮನ್ನ ಮದಿವಿ ಆಗಿ ವರ್ಷ ತುಂಬಿದ್ದಿಲ್ಲ. ಸಾಲಿ ಡ್ರಿಲ್ ಮಾಸ್ತರು ವರ್ಗ ಆಗಿ ಹೋಗುವಾಗ ಒಂದು ಚೆಂಡು ಬಿಟ್ಟು ಹೋದ್ರು. ಚೆಂಡು ಸಿಕ್ಕ ಮ್ಯಾಲ ಮಂದಿ ಸಿಗೂದು ಎಷ್ಟೊತ್ತು? ಹಮಾಲರು, ಗೌಂಡಿಗಳು, ಕುರಿ ಕಾಯೋರು, ಹನ್ನೊಂದು ಮಂದಿ ಕೂಡಿದ್ರು. ಗಂಗಾವತಿ ಸಂತ್ಯಾಗ ಫಾರಿನ್ ಹಳೇ ಬಟ್ಟಿ ಗಂಟು ಬಿಚ್ಚಿ ಮಾರ್ತಿದ್ದ ಯೂಸುಫನ ಹತ್ರ ಹನ್ನೊಂದು ಅಂಗಿ ಸಿಕ್ಕುವು. ಹಸರು ಅಂಗಿ, ಹಳದಿ ಗೆರಿ, ಬೆನ್ನ ಮ್ಯಾಲ ಒಂದರಿಂದ ಹನ್ನೊಂದರ ತನಕ ನಂಬರು. ಎದಿ ಮ್ಯಾಲ ಒಂದು ಎಲಿ, ಎಲಿ ಸುತ್ತ ಜಿಲೇಬಿ ಸುತ್ತಿದಂಗ ಅಕ್ಷರ. ಕನ್ನಡ ಅಂದ್ರ ಕನ್ನಡ ಅಲ್ಲ, ತೆಲುಗು ಅಂದ್ರ ತೆಲುಗೂ ಅಲ್ಲ. ತಳದಾಗ ಇಂಗ್ಲೀಷಿನ್ಯಾಗ ಸಣ್ಣಗ "ಮುಖೇತಿ" ಅಂತಿತ್ತು. ತಗೋ, ಕ್ಲಬ್ಬಿಗೆ ಹೆಸರು ಪುಕ್ಕಟೆ ಸಿಕ್ತು. ಮುಖೇತಿ ಫುಟ್‌ಬಾಲ್ ಕ್ಲಬ್, ಯಲಬುರ್ಗಾ. ಮಾರಿದ ಯೂಸುಫನ್ನ ಗೋಲ್‌ಕೀಪರ್ ಮಾಡಿಕೊಂಡ್ರು. ಒಂಬತ್ತನೇ ನಂಬರು ಹೊಳಿಯಪ್ಪ ಇಟಗೊಂಡ.

"ಇಡೀ ಜಿಲ್ಲಾಕ್ಕ ನಮ್ಮದೊಂದ ಪ್ರೊಫೆಷನಲ್ ಕ್ಲಬ್ಬು," ಅಂತ ಇತಿಹಾಸ ಇಲ್ಲಿಗೆ ಬಂದಾಗ ಹೊಳಿಯಪ್ಪ ಎದಿ ಉಬ್ಬಿಸ್ತಿದ್ದ. ಪ್ರೊಫೆಷನಲ್ ಅಂದ್ರ ಆಟಕ್ಕ ಪಗಾರ ಕೊಡೂದು. ಮುಖೇತಿ ಕ್ಲಬ್ಬಿನ ಪಗಾರ ಅಂದ್ರ ಮ್ಯಾಚಿಗೆ ತಲಿಗೊಂದು ಕುದಿಸಿದ ತತ್ತಿ. ಕುಷ್ಟಗಿಯವರಿಗೆ ಏನಿತ್ತು? ಏನೂ ಇಲ್ಲ. ಗಂಗಾವತಿಯವರಿಗೆ ಬೂಟು ಇದ್ದುವು, ತತ್ತಿ ಇದ್ದಿಲ್ಲ.

ಕ್ಲಬ್ಬು ಆಡಿದ್ದು ಹದಿನೇಳು ಮ್ಯಾಚು, ಸೋತಿದ್ದು ಹದಿನಾರು. ಗೆದ್ದದ್ದು ಒಂದ, ಅದೂ ಗಂಗಾವತಿ ಮ್ಯಾಲ. ಜಿಟಿಜಿಟಿ ಮಳಿ ಬಿದ್ದು ಯಲಬುರ್ಗಾದ ಎರಿ ಮಣ್ಣು ಬೂಟಿಗೆ ಮೆತ್ತಿಕೊಂಡು ಗಂಗಾವತಿಯವರು ಕಾಲು ಎತ್ತಲಾರದಂಗ ಆದ್ರು. ಬರಿಗಾಲಿನ ನಮ್ಮವರು ಜಿಗಿದಾಡಿದ್ರು. ಆಗ ಹೊಳಿಯಪ್ಪ ಗೋಲಿನ ಮುಂದ ನಿಂತು, ಚೆಂಡು ಬರೂ ದಾರಿ ಅಂದಾಜು ಮಾಡಿ, ಬೇಕಂತ ತಿರುಗಿ ಬೆನ್ನು ಕೊಟ್ಟ. ಚೆಂಡು ಒಂಬತ್ತನೇ ನಂಬರಿಗೆ ಬಡಿದು ಗೋಲಿನ್ಯಾಗ ಹೋತು. ಒಂದಕ್ಕ ಸೊನ್ನಿ! "ಅವತ್ತು ಗೆದ್ದ ಖುಷ್ಯಾಗ ಯಾರೂ ಪಗಾರ ಸುದ್ದಾ ಕೇಳಲಿಲ್ಲ," ಅಂತ ಕಣ್ಣಾಗ ನೀರು ತಂದು ಮುಗಿಸ್ತಿದ್ದ.

ಆಗ ಶರಣಬಸಪ್ಪ ಕೇಳೂ ಪ್ರಶ್ನಿ ಒಂದ. "ಅಲ್ಲೋ, ಪಾಸ್ ಕೊಟ್ಟಾವ ಯಾರು?"

ಹೊಳಿಯಪ್ಪನ ಮಾರಿ ಸಣ್ಣದಾಗ್ತಿತ್ತು. "ಗೋಲು ಮುಖ್ಯ, ಪಾಸ್ ಅಲ್ಲ," ಅಂತ ಫೈಲು ಎತ್ತಿಕೊಂಡು ನಡೀತಿದ್ದ.

ಎರಡು ಮಳಿಗಾಲ ಕಳೆದ ಮ್ಯಾಲ ಆಟಗಾರರು ದುಡಿಯಾಕ ಅಲ್ಲೊಬ್ಬ ಇಲ್ಲೊಬ್ಬ ಹೋದ್ರು. ಹೊಳಿಯಪ್ಪ ಹನ್ನೊಂದೂ ಅಂಗಿ ಒಗೆಸಿ, ಮಡಚಿ, ತಗಡಿನ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕಿದ. ಕೀಲಿಕೈ ಉಡದಾರಕ್ಕ ಕಟಗೊಂಡ. ಮತ್ತ ಯಾರಾದ್ರೂ ಟೀಮು ಕಟ್ಟೂತನಕ ತಗಿಯಂಗಿಲ್ಲ ಅಂತ ಆಣಿ ಮಾಡಿದ. ವರ್ಷಾ ದಸರಾದಾಗ ಖಂಡೇಪೂಜಿ ದಿನ ಟ್ರಂಕಿಗೆ ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೀತಿದ್ದ. ಹುಲಗೆಮ್ಮ ಬಾಜೂಕ ನಿಂತು ಭಕ್ತಿಲೆ ಕೈ ಮುಗೀತಿದ್ಲು. ಆ ಭಕ್ತಿ ಯಾವುದಕ್ಕ ಅಂತ ಅವಗೇನು ಗೊತ್ತು?

*

ಮೊನ್ನೆ ಬ್ಯಾಸಿಗ್ಯಾಗ ಮಗಳು ಶ್ವೇತಾ ಒಂದು ಕೆಲಸ ಮಾಡಿದ್ಲು. ಕೊಪ್ಪಳದಾಗ ಡಿಗ್ರಿ ಓದೂ ಹುಡುಗಿ, ರಜಾಕ್ಕ ಬಂದಾಕಿ ಗ್ವಾಡಿಗೆ ಹಾಕಿದ್ದ ಅಪ್ಪನ ಟೀಮಿನ ಫೋಟೋ ಮೊಬೈಲಿನ್ಯಾಗ ಹೊಡೆದು ಇಂಟರ್ನೆಟ್ಟಿಗೆ ಬಿಟ್ಲು. ಎಂಟು ದಿನ ಆಗಿತ್ತೋ ಇಲ್ಲೋ, ಕಚೇರಿಗೆ ಓಡಿ ಬಂದ್ಲು.

"ಅಪ್ಪಾ! ಯಾರೋ ಹೊರದೇಶದವರು ಮೆಸೇಜು ಮ್ಯಾಲ ಮೆಸೇಜು ಹಾಕಾಕತ್ತಾರ. ಮುಖೇತಿ ಅನ್ನೂದು ಖರೇ ಊರಂತ! ಜಾರ್ಜಿಯಾ ಅನ್ನೂ ದೇಶದಾಗ ಐತಂತ!"

ಹೊಳಿಯಪ್ಪನ ಕೈಯಾಗಿನ ಫೈಲು ದಪ್ ಅಂತ ಬಿತ್ತು. ಅದು ಯಾರ ಫೈಲೋ, ಪಾಪ, ಇನ್ನೂ ಸಿಕ್ಕಿಲ್ಲಂತ.

ಬುಧವಾರ ಸಂಜೀಕ ಶರಣಬಸಪ್ಪನ ಅಂಗಡ್ಯಾಗ, ಅರ್ಧ ಯಲಬುರ್ಗಾದ ಮುಂದ, ವಿಡಿಯೋ ಕಾಲ್ ಹತ್ತಿತು. ಆ ಕಡಿ ಬಿಳಿ ಮೀಸಿಯ ಒಬ್ಬ ಯಜಮಾನ, ಹೆಸರು ಗೇಲಾ. ಬಾಜೂಕ ಅವನ ಮೊಮ್ಮಗಳು ನಿನೋ. ಅಜ್ಜ ಅವರ ಭಾಷಾದಾಗ ಹೇಳಿದ್ದನ್ನ ಮೊಮ್ಮಗಳು ಇಂಗ್ಲೀಷಿಗೆ ತಿರುವೂದು, ಅದನ್ನ ಶ್ವೇತಾ ಕನ್ನಡಕ್ಕ ತಿರುವೂದು. ಹಿಂಗ ಎರಡು ಹೊಳಿ ದಾಟಿ ಮಾತು ಬರಾಕತ್ತಿತು.

ಗೇಲಾ ಹೇಳಿದ್ದು ಇಷ್ಟು. ಮುಖೇತಿ ಸಣ್ಣ ಊರು, ಸುತ್ತ ಗುಡ್ಡ. ತೊಂಬತ್ತೊಂದನೇ ಇಸವ್ಯಾಗ ಅವರ ಕ್ಲಬ್ಬು ಮೊದಲನೇ ಸಲ ದೊಡ್ಡ ಲೀಗಿಗೆ ಹೋತು. ದೇಶ ಹೊಸದು, ಲೀಗು ಹೊಸದು, ಅಂಗಿ ಹೊಸವು. ಗೇಲಾಗ ಒಂಬತ್ತನೇ ನಂಬರು. ಮುಂದ ಊರಾಗ ಕರೆಂಟ್ ಹೋತು, ಒಲಿಗೆ ಕಟಗಿ ಇಲ್ಲ, ಹಿಟ್ಟಿಗೆ ಸಾಲು. ಆ ಚಳಿಗಾಲ ಕ್ಲಬ್ಬಿನ ಉಗ್ರಾಣದವ ಅಂಗಿ ಚೀಲ ಕೊಟ್ಟು ಹಿಟ್ಟಿನ ಚೀಲ ತಂದ. ಅಂಗಿ ಎಲ್ಲಿ ಹೋದುವೋ ಯಾರಿಗೂ ಗೊತ್ತಿಲ್ಲ. ಈಗ ಗೇಲಾ ಕ್ಲಬ್ಬಿನ ಇತಿಹಾಸದ ಪುಸ್ತಕ ಬರ್ಯಾಕತ್ತಾನ. ಆ ವರ್ಷದ ಒಂದೂ ಅಂಗಿ ಇಡೀ ಊರಾಗ ಉಳಿದಿಲ್ಲ.

"ಒಂಬತ್ತನೇ ನಂಬರು ನಿಮ್ಮ ಹತ್ರ ಇನ್ನೂ ಐತೇನ್ರಿ ಅಂತ ಕೇಳ್ತಾರ, ಅಪ್ಪ. ಐತಿ ಅಂದ್ರ ಗಾಜಿನ ಪೆಟ್ಟಿಗ್ಯಾಗ ಇಡ್ತಾರಂತ. ಪುಸ್ತಕದಾಗ ಒಂದು ಪುಟ ಯಲಬುರ್ಗಾ ಕ್ಲಬ್ಬಿಗೆ ಕೊಡ್ತಾರಂತ."

ಒಂದು ಪುಟ! ಹೊಳಿಯಪ್ಪನ ಕಾಲು ನೆಲಕ್ಕ ಹತ್ತಲಿಲ್ಲ. ಮಂದಿ ನಕ್ಕದ್ದೆಲ್ಲಾ, ಶರಣಬಸಪ್ಪನ ಮಿರ್ಚಿ ಮಾತೆಲ್ಲಾ, ಎಲ್ಲಾದಕ್ಕೂ ಒಂದು ಪುಟ ಜವಾಬು. ಮೊಬೈಲಿಗೆ ಮೂಗು ಹಚ್ಚಿ ಕೂಗಿದ. "ಐತ್ರೀ! ಹನ್ನೊಂದೂ ಅದಾವು! ಕೀಲಿ ಹಾಕಿ ಇಟ್ಟೀನಿ! ಬರೂ ಐತವಾರ ಸಂಜೀ ಐದಕ್ಕ ಕಣ್ಣಿಲೆ ತೋರಿಸ್ತೀನಿ, ಸೋಮವಾರ ಟಪಾಲಿಗೆ ಹಾಕ್ತೀನಿ. ಹೊಳಿಯಪ್ಪ ಮಾತು ಕೊಟ್ಟ ಅಂದ್ರ ಕೊಟ್ಟ!"

ಆ ಕಡಿ ಮುದುಕ ಎರಡೂ ಕೈಲೆ ಮುಖ ಮುಚ್ಚಿಕೊಂಡ. ಈ ಕಡಿ ಮಂದಿ ಸೀಟಿ ಹೊಡೆದ್ರು.

ಹುಲಗೆಮ್ಮ ಒಬ್ಬಾಕಿ ಸುಮ್ಮನ ಎದ್ದು ಮನಿಗೆ ಹೋದ್ಲು.

ಮೂರು ದಿನ ಹೊಳಿಯಪ್ಪ ಕೂತು ಆ ಪುಟಕ್ಕ ಬೇಕಾದ್ದೆಲ್ಲಾ ಬರೆದ. ನಾಕು ಹಾಳಿ ತುಂಬಿದುವು, ಅದರಾಗ ಎರಡೂವರಿ ಹಾಳಿ ಆ ಗೋಲಿಂದ. ಐತವಾರ ಮುಂಜಾನೆ ಜಳಕ ಮಾಡಿ, ಊದುಬತ್ತಿ ಹಚ್ಚಿ, ಈಗ ಊರಾಗ ಟೇಲರ್ ಆಗಿದ್ದ ಹಳೇ ಗೋಲ್‌ಕೀಪರ್ ಯೂಸುಫನ್ನ ಇಸ್ತ್ರಿಪೆಟ್ಟಿಗಿ ಸಮೇತ ಕರೆಸಿ, ಉಡದಾರದ ಕೀಲಿಕೈ ಬಿಚ್ಚಿ ಟ್ರಂಕು ತೆರೆದ.

ಒಳಗ ಶಾವಿಗಿ. ತುಂಬ ಶಾವಿಗಿ. ಒಂದು ಮೂಲ್ಯಾಗ ಸಂಡಿಗಿ, ಇನ್ನೊಂದು ಮೂಲ್ಯಾಗ ಹಪ್ಪಳ.

ಹೊಳಿಯಪ್ಪ ಶಾವಿಗಿ ಒಳಗ ಮೊಣಕೈ ತನಕ ಕೈ ಹಾಕಿ ತಡಕಾಡಿದ. ಯೂಸುಫ ಒಂದು ಹಪ್ಪಳ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದು ಅಂಗಿ ಅಲ್ಲಪಾ," ಅಂದ.

"ಲೇ, ಇವಳ!" ಅಂತ ಹೊಳಿಯಪ್ಪ ಕೂಗಿದ್ದಕ್ಕ ಓಣಿ ನಾಯಿ ಎದ್ದು ನಿಂತ್ವು. "ಕೀಲಿ ಹಾಕಿದ್ದು ಹಾಕಿದಂಗ ಐತಿ. ಅಂಗಿ ಎಲ್ಲಿ?"

"ಒದರಬ್ಯಾಡ್ರಿ," ಅಂದ್ಲು ಹುಲಗೆಮ್ಮ. "ಹಿಂದಿನ ಬಿಜಾಗರಿ ಮೊಳಿ ಎಂದೋ ಕಿತ್ತೈತಿ. ನೀವು ಮುಂದ ನಿಂತು ಕಾಯಿ ಒಡೀತಿದ್ರಿ, ನಾ ಹಿಂದಿಂದ ತಗೀತಿದ್ದೆ."

"ಅಂದ್ರ ಇಷ್ಟು ವರ್ಷ ನಾ ಪೂಜಿ ಮಾಡಿದ್ದು..."

"ಶಾವಿಗೀಗೆ. ಅನ್ನಪೂರ್ಣಾ ಅಲ್ಲೇನ್ರಿ ಅದೂ?"

ಸಂಗತಿ ಹಿಂಗಿತ್ತು. ಶ್ವೇತಾ ಹೊಟ್ಟ್ಯಾಗ ಇದ್ದಾಗ ಹುಲಗೆಮ್ಮ ಬಾಣಂತನಕ್ಕ ಕುಷ್ಟಗಿ ತವರಿಗೆ ಹೊಂಟಿದ್ಲು. ಹುಟ್ಟೂ ಕೂಸಿಗೆ ಕೌದಿ ಬೇಕು. ಹಳೇ ಸೀರಿ, ಹಳೇ ಅಂಗಿ ಕೂಡಿಸಿ ಹೊಲಿಯೂದ ಕೌದಿ. ಮನ್ಯಾಗ ಸೀರಿ ಇದ್ದುವು ಎರಡ. ಟ್ರಂಕಿನ್ಯಾಗ ಹನ್ನೊಂದು ಗಟ್ಟಿ ಅಂಗಿ ಸುಮ್ಮನ ಮಲಗಿದ್ದುವು. ತವರಾಗ ಕೂತು ಕೌದಿ ಹೊಲಿದ್ಲು, ಶ್ವೇತಾ ಅದರ ಮ್ಯಾಲ ಬೆಳೆದ್ಲು, ಬರುವಾಗ ಕೌದಿ ತಂಗಿ ಅಮರಮ್ಮನ ಹೆರಿಗಿಗೆ ಬಿಟ್ಟು ಬಂದ್ಲು.

"ಗಂಡ ಏನಂತಾನೋ ಅಂತ ಹೇಳಲಿಲ್ಲ," ಅಂದ್ಲು. "ಆಮ್ಯಾಲ ಪೂಜಿ ಚಾಲೂ ಮಾಡಿದ್ರಿ. ಪೂಜಿ ಮಾಡೂ ಮನುಷ್ಯಾಗ ಹೆಂಗ ಹೇಳ್ಲಿ?"

ಹೊಳಿಯಪ್ಪ ಸಿಟ್ಟು ಮಾಡಬೇಕಂದ, ಟೈಮ್ ಇರಲಿಲ್ಲ. ಒಂಬತ್ತು ಹೊಡೆದಿತ್ತು. ಯೂಸುಫನ ದೊಡ್ಡ ಕತ್ತರಿ ಇಸಗೊಂಡು ಚೀಲಕ್ಕ ಹಾಕಿದ, ನಾಕು ಹಾಳಿ ಕಿಸೆಕ್ಕ ತುರುಕಿದ. ಹೆಂಡ್ತಿ, ಮಗಳು, ತಾನು, ಮೂವರೂ ಕುಷ್ಟಗಿ ಬಸ್ಸಿಗೆ ಓಡಿದ್ರು.

ಬಸ್ಸಿನ್ಯಾಗ ಹುಲಗೆಮ್ಮ, ಶ್ವೇತಾ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಕೂತ್ರು. "ನಿಮಗ ಟಿಕೀಟು ತಗೋಬೇಕಾಗತೈತ್ರಿ," ಅಂತ ಹುಲಗೆಮ್ಮ ಸಣ್ಣ ದನಿಲೆ ಅಂದ್ಲು. ಕಂಡಕ್ಟರ್ ನಕ್ಕ. ಹೊಳಿಯಪ್ಪ ಕಿಡಕಿ ಕಡಿ ಮಾರಿ ತಿರುವಿದ. ಯಾಕಂದ್ರ ಅವಗೂ ನಗು ಬಂದಿತ್ತು, ಸಿಟ್ಟಿನ್ಯಾಗ ಇದ್ದಾಗ ನಕ್ಕರ ಮರ್ಯಾದಿ ಏನು ಉಳೀತೈತಿ?

ಕುಷ್ಟಗ್ಯಾಗ ಅಮರಮ್ಮ ರೊಟ್ಟಿ ಬಡೀತಿದ್ಲು. "ಆ ಕೌದೀನ ಮಾಮಾ? ಭಾಳ ಕಾಲಗುಣ ಛಲೋ ಐತ್ರಿ ಅದರದು! ಅದರ ಮ್ಯಾಲ ಮಲಗಿದ ಒಂದು ಕೂಸೂ ಜಡ್ಡು ಅಂತ ಮಲಗಿಲ್ಲ. ನನ್ನ ಮೂರೂ ಅದರ ಮ್ಯಾಲ ಬೆಳೆದುವು. ಆಮ್ಯಾಲ ಸಿದ್ದಾಪುರಕ್ಕ ಭತ್ತದ ನಾಟಿಗೆ ಹೋದಾಗ ಹುಲಿಹೈದರದ ಲಾಲಬೀ ನನ್ನ ಸಾಲಿನ್ಯಾಗ ಇದ್ಲು. ಆಕಿ ಮಕ್ಕಳ ಹೆರಿಗಿಗೆ ಅಂತ ಒಯ್ದಾಳ. ಒಂದಾದ ಮ್ಯಾಲ ಒಂದು ಹೆರಿಗಿ, ಹೊಳ್ಳಿ ಬಂದಿಲ್ಲ."

"ಫೋನ್ ಹಚ್ಚು!"

"ಹಚ್ಚಿದ್ರ ಸ್ವಿಚ್ಚಾಫ್ ಬರತೈತ್ರಿ. ಉಂಡು ಹೋಗ್ರಿ ಮಾಮಾ."

ಉಣ್ಣಾಕ ಟೈಮ್ ಎಲ್ಲಿ? ಆದ್ರ ಬಿಸಿ ರೊಟ್ಟಿ, ಪುಂಡಿಪಲ್ಲೆ ಕಂಡು ಬಿಟ್ಟು ಎದ್ದರ ಅದು ಮನುಷ್ಯಾನ ಲಕ್ಷಣ ಅಲ್ಲ. ಉಂಡ್ರು. ಉಂಡಿದ್ದಕ್ಕ ತಾವರಗೇರಿ ಬಸ್ಸು ತಪ್ಪಿತು. ಮುಂದಿನ ಬಸ್ಸಿನ್ಯಾಗ ಕುರಿಮರಿ ಹಿಡಕೊಂಡ ಒಬ್ಬ ಯಜಮಾನ ಹೊಳಿಯಪ್ಪನ ತೊಡಿ ಮ್ಯಾಲ ಮರಿ ಇಟ್ಟು ನಿದ್ದಿ ಹೊಡೆದ. ಕನಕಗಿರ್ಯಾಗ ಇಳಿದು ಟಂಟಂ ಹತ್ತಿ ಹುಲಿಹೈದರ ಮುಟ್ಟೂದ್ರಾಗ ನಾಕೂ ಮುಕ್ಕಾಲು. ಟಂಟಂದಾಗ ಕುಂತವರಿಗೆಲ್ಲಾ ಹೊಳಿಯಪ್ಪ ಇತಿಹಾಸ ಹೇಳಿ ಮುಗಿಸಿದ್ದ. ಆ ಸಲ ಅರ್ಧ ಮಿರ್ಚಿಗಿಂತ ಕಡಿಮಿ ಟೈಮಿನ್ಯಾಗ.

*

ಲಾಲಬೀ ಮನಿ ಪಡಸಾಲ್ಯಾಗ ಕೌದಿ ಹಾಸಿತ್ತು. ಅದರ ಒಂದು ತುದಿಗೆ ಎಣ್ಣಿ ಹಚ್ಚಿ ಜಳಕ ಮಾಡಿಸಿದ ಒಂದು ಕೂಸು, ಹನ್ನೆರಡು ದಿನದ್ದು, ಕೈ ಕಾಲು ಬಡೀತಾ ಮಲಗಿತ್ತು. ಸೀರಿ ಮಗ್ಗಲಾ ಕೆಳಗ ಹಾಕಿ ಅಂಗಿ ಮಗ್ಗಲಾ ಮ್ಯಾಲ ಮಾಡಿದ್ರು. ಹಸರು, ಹಳದಿ. ಬಣ್ಣ ಮಾಸಿತ್ತು, ನಂಬರು ಮಾಸಿದ್ದಿಲ್ಲ.

ಹೊಳಿಯಪ್ಪ ಬಾಗಲ್ದಾಗ ನಿಂತ. ಹನ್ನೊಂದೂ ಅಂಗಿ ಅಲ್ಲಿದ್ದುವು. ಅಡ್ಡಾದಿಡ್ಡಿ ಅಲ್ಲ. ತಳದಾಗ ಒಂದನೇ ನಂಬರು, ಅದರ ಮ್ಯಾಲ ನಾಕು, ಅದರ ಮ್ಯಾಲ ನಾಕು, ತುದಿಗೆ ಎರಡು. ಬಯಲಾಗ ಅವರು ಹೆಂಗ ನಿಲ್ತಿದ್ರೋ ಹಂಗ.

"ನಿನಗ ಹೆಂಗ ಗೊತ್ತು, ಯಾರು ಎಲ್ಲಿ ನಿಲ್ತಿದ್ರು ಅಂತ?"

"ಹದಿನೇಳೂ ಮ್ಯಾಚಿಗೆ ತತ್ತಿ ಬುಟ್ಟಿ ಹಿಡಕೊಂಡು ಅಂಚಿಗೆ ನಿಂತಾಕಿ ಯಾರು?" ಅಂದ್ಲು ಹುಲಗೆಮ್ಮ. "ಯೂಸುಫಣ್ಣ ತಳದಾಗ, ನೀವು ತುದ್ಯಾಗ. ಅಲ್ಲೇ ಅದಾರ ಎಲ್ಲಾರೂ."

ತತ್ತಿ ಎಲ್ಲಿಂದ ಬರ್ತಿದ್ದುವು ಅನ್ನೂದರ ಬಗ್ಗೆ ಹೊಳಿಯಪ್ಪನ ನಾಕು ಹಾಳ್ಯಾಗ ಒಂದು ಸಾಲೂ ಇದ್ದಿಲ್ಲ.

ಲಾಲಬೀ ವಿಷಯ ಕೇಳಿ ಸೊಂಟದ ಮ್ಯಾಲ ಕೈ ಇಟ್ಲು. "ಯಣ್ಣಾ, ಕೌದಿ ನಿಮ್ಮದ ಖರೆ. ನಲವತ್ತು ದಿನ ಬಾಣಂತನ ಮುಗೀಲಿ, ನಾನ ಒಗೆದು ತಂದು ಕೊಡ್ತೀನಿ. ಆದ್ರ ಕತ್ತರಿ ಇಡ್ತೀನಿ ಅಂದ್ರ ಕೊಡಂಗಿಲ್ಲ. ಕೌದಿ ಹಸಿದಿರಬಾರ್ದು ಅಂತ ಮೂಲ್ಯಾಗ ಹೋಳಿಗಿ ಚೂರು ಇಟ್ಟು, ಅದರ ಹೊಟ್ಟಿ ತುಂಬಿಸಿ ಹೊಲಿದ ಕೌದಿ ಇದು. ಇದಕ್ಕ ಕತ್ತರಿ ಹಾಕ್ತಾರೇನು ಯಾರಾದ್ರೂ?"

"ಲಾಲಬೀ ಅಕ್ಕ, ಬರೇ ಒಂದು ಅಂಗಿ. ಮಾತು ಕೊಟ್ಟೀನಿ ಯವ್ವಾ."

"ಒಂದು ಕಿತ್ರ ಹತ್ತು ಉಳೀತಾವು," ಅಂದ್ಲು ಹುಲಗೆಮ್ಮ. "ಹತ್ತು ಮಂದಿ ಇಟಗೊಂಡು ಹೆಂಗ ಆಡ್ತೀರಿ?"

ಅಷ್ಟೊತ್ತಿಗೆ ಶ್ವೇತಾನ ಮೊಬೈಲು ಬಡಕೊಂಡಿತು. ಐದು ಗಂಟೆ. ಪರದಾದ ಮ್ಯಾಲ ಗೇಲಾ ಕೋಟು ಹಾಕ್ಕೊಂಡು, ತಲಿ ಬಾಚಿಕೊಂಡು, ಹಿಂದ ಇನ್ನೂ ಐದಾರು ಮುದುಕರನ್ನ ಕೂಡಿಸಿಕೊಂಡು ಕುಂತಿದ್ದ. ಅವನ ಕಾಲದ ಟೀಮು ಅದು, ಉಳಿದಷ್ಟು.

ಹೊಳಿಯಪ್ಪ ಕತ್ತರಿ ತಗದ. ಕಿಸೆದಾಗ ನಾಕು ಹಾಳಿ ಚುರ್ ಅಂದುವು. ಒಂದು ಪುಟ, ಅದರಾಗ ತನ್ನ ಹೆಸರು, ಹೊರದೇಶದ ಪುಸ್ತಕದಾಗ. ಶರಣಬಸಪ್ಪನ ಮುಂದ ಅದನ್ನ ಬಿಚ್ಚಿ ಇಡೂ ಗಳಿಗಿ ಕಣ್ಣ ಮುಂದ ಬಂತು. ಕೂಸಿನ ಹತ್ರ ಹೋಗಿ ಮೊಣಕಾಲೂರಿ ಕುಂತ. ಒಂಬತ್ತನೇ ನಂಬರು ಕೂಸಿನ ಕೆಳಗ ಇತ್ತು. ಅದರ ಸುತ್ತ ಹುಲಗೆಮ್ಮ ಹಾಕಿದ ಹೊಲಿಗಿ ಬ್ಯಾರೆ ಅಂಗೀಕಿಂತ ಒತ್ತಾಗಿತ್ತು, ಇರುವಿ ಸಾಲಿನಂಗ. ಆ ಒಂದು ಅಂಗಿಗೆ ಆಕಿ ಎರಡು ಸುತ್ತು ಹಾಕಿದ್ಲು.

ಅಂವ ಕತ್ತರಿ ಹೊಳ್ಳಿ ಚೀಲಕ್ಕ ಹಾಕಿದ.

"ಹೇಳು ಶ್ವೇತಾ ಅವರಿಗೆ," ಅಂದ. "ಅಂಗಿ ಕೊಡಾಕ ಆಗೂದಿಲ್ಲ. ನನ್ನ ಹೆಂಡ್ತಿ ಕೌದಿ ಹೊಲಿದಾಳ. ಕೂಸು ಮಲಗೈತಿ. ಹೊಳಿಯಪ್ಪ ಮಾತಿಗೆ ತಪ್ಪಿದ. ಪುಟಾ ಬ್ಯಾಡ ಅಂತ ಹೇಳು."

ಶ್ವೇತಾ ಹೇಳಿದ್ಲು. ಹೇಳ್ಕೊಂತ ಮೊಬೈಲು ತಿರುವಿ ಕೌದಿ ತೋರಿಸಿದ್ಲು. ಆ ಕಡಿ ಮುದುಕರು ಒಬ್ಬರ ಮ್ಯಾಲ ಒಬ್ಬರು ಬಗ್ಗಿ ನೋಡಿದ್ರು. ಬೊಟ್ಟು ಮಾಡಿ ಎಣಿಸಿದ್ರು. ತಮ್ಮ ತಮ್ಮ ನಂಬರು ಕಂಡು ಒದರಾಡಾಕತ್ತಿದ್ರು. ನಾಕನೇ ನಂಬರಿನವ ಅ‍ಳಾಕ ಹತ್ತಿದ, ಏಳನೇ ನಂಬರಿನವ ಅವನ ಬೆನ್ನು ಗುದ್ದಾಕ ಹತ್ತಿದ. ಸರಿಯಾಗಿ ಅದ ಹೊತ್ತಿಗೆ ಕೂಸು ಎರಡೂ ಕಾಲು ಎತ್ತಿ ಒಂಬತ್ತನೇ ನಂಬರಿನ ಮ್ಯಾಲ ಉಚ್ಚಿ ಹೊಯ್ದಿತು.

ಆಮ್ಯಾಲ ಗೇಲಾ ನಕ್ಕ ನೋಡ್ರಿ, ಕೆಮ್ಮು ಬರೂತನಕ ನಕ್ಕ, ಕುರ್ಚಿ ಹಿಡಕೊಂಡು ನಕ್ಕ. ಲಾಲಬೀ ಸೆರಗು ಬಾಯಿಗೆ ಇಟಗೊಂಡ್ಲು. ಹೊಳಿಯಪ್ಪ ಅಳೂದು ಬಿಟ್ಟು ನಗೂದೋ, ನಗೂದು ಬಿಟ್ಟು ಅಳೂದೋ ತಿಳೀದ ಎರಡೂ ಮಾಡಿದ.

"ಗಂಡೋ ಹೆಣ್ಣೋ ಅಂತ ಕೇಳ್ತಾರ, ಅಪ್ಪ."

"ಹೆಣ್ಣು ಅನ್ನು."

"ಹಂಗಂದ್ರ ಒಂಬತ್ತನೇ ನಂಬರು ಈಗ ಆಕಿದು ಅಂತಾರ. ಗಾಜಿನ ಪೆಟ್ಟಿಗ್ಯಾಗ ಇಟ್ರ ಅಂಗಿಗೆ ಏನು ಸುಖ, ಆಡ್ಲಿ ಬಿಡ್ರಿ ಅಂತಾರ. ಫೋಟೋ ಸಾಕಂತ. ಪುಟ ಕೊಟ್ಟ ಕೊಡ್ತಾರಂತ. ಕ್ಲಬ್ಬಿನ ಇತಿಹಾಸ ಹೇಳು ಅಂತಾರ."

ಹೊಳಿಯಪ್ಪನ ಕೈ ತಾನಾಗಿ ಕಿಸೆಕ್ಕ ಹೋತು. ನಾಕೂ ಹಾಳಿ ತಗದ, ಬಿಚ್ಚಿದ, ಗಂಟಲಾ ಸರಿ ಮಾಡಿಕೊಂಡ. ಹುಲಗೆಮ್ಮ ಕೂಸಿನ ಕೆಳಗ ಒಣ ಅರಬಿ ಹಾಸ್ತಿದ್ಲು. ಆಕಿನ್ನ ನೋಡಿದ. ಹಾಳಿ ಮತ್ತ ಮಡಚಿದ.

"ನೀ ಹೇಳು," ಅಂತ ಮೊಬೈಲು ಹುಲಗೆಮ್ಮನ ಕೈಗೆ ಕೊಟ್ಟ.

"ಅಯ್ಯ, ನಾ ಏನು ಹೇಳ್ಲಿ?" ಅಂದ್ಲು ಆಕಿ. ಆದ್ರ ಮೊಬೈಲು ಹೊಳ್ಳಿ ಕೊಡಲಿಲ್ಲ. ಮದಲಿಗೆ ಆ ಮುದುಕರಿಗೆಲ್ಲಾ ಊಟ ಆತೇನ್ರಿ ಅಂತ ಕೇಳಿದ್ಲು. ಆಮ್ಯಾಲ ಚಾಲೂ ಮಾಡಿದ್ಲು.

"ನಮ್ಮ ಮನ್ಯಾಗ ಆರು ಕೋಳಿ ಇದ್ದುವ್ರಿ. ಒಂದು ಕೆಂಪಂದು, ಅದು ದಿನಾ ಇಡ್ತಿತ್ತು..."

ಕೋಳಿಯಿಂದ ಚಾಲೂ ಆದ ಇತಿಹಾಸ ಹೊಳಿಯಪ್ಪ ಎಂದೂ ಕೇಳಿದ್ದಿಲ್ಲ. ಹನ್ನೊಂದು ತತ್ತಿ ಕೂಡಿಸಾಕ ವಾರ ಎಲ್ಲಾ ಮನ್ಯಾಗ ಯಾರೂ ತತ್ತಿ ತಿಂತಿದ್ದಿಲ್ಲ ಅನ್ನೂದು, ಒಮ್ಮೆ ಕೋಳಿಗೆ ರೋಗ ಬಂದಾಗ ಆಕಿ ಕಾಲಗೆಜ್ಜಿ ಒತ್ತಿ ಇಟ್ಟು ಪಗಾರ ಕೊಟ್ಟಿದ್ಲು ಅನ್ನೂದು, ಎಲ್ಲಾ ಬಂತು. ಅಂವ ತಲಿ ತಗ್ಗಿಸಿ ಕೇಳಿದ. ಗೇಲಾ ನಡುವ ಬಾಯಿ ಹಾಕಿ, ತೊಂಬತ್ತೆರಡರ ಚಳಿಗಾಲ ತಮಗೂ ಪಗಾರ ಅಂತ ಆಲೂಗಡ್ಡಿ ಕೊಟ್ಟಿದ್ರು, ನೀವು ಖರೇ ಪ್ರೊಫೆಷನಲ್ ಅಂದ. ಆಮ್ಯಾಲ ಕೇಳಿದ, ಗೆದ್ದ ಮ್ಯಾಚಿನ ಗೋಲು ಹೊಡೆದಾವ ಯಾರು? ಹೆಸರು ಬರಕೋಬೇಕು.

"ನಮ್ಮ ಮನಿಯವರ್ರೀ," ಅಂದ್ಲು ಹುಲಗೆಮ್ಮ.

ಹೆಸರು ಬೇಕಂತ. ಹುಲಗೆಮ್ಮ ನಾಚಿದ್ಲು. ಗಂಡನ ಹೆಸರು ಹಂಗ ಬಾಯಿಗೆ ತರ್ತಾರೇನು? ಶ್ವೇತಾ ಹೇಳಾಕ ಹೋದ್ರ ಲಾಲಬೀ ಬಿಡಲಿಲ್ಲ. "ಏ, ನೀ ಹೇಳಬ್ಯಾಡ! ಅಕ್ಕಾ, ಒಡಪು ಹಾಕಿ ಹೇಳು! ಮದಿವ್ಯಾಗ ಹೇಳಿದ್ದಿಲ್ಲೇನು?" ಒಳಗಿಂದ ಬಾಣಂತಿ ಸುದ್ದಾ ಕೂಗಿದ್ಲು, "ಒಡಪು! ಒಡಪು!" ಓಣಿ ಹೆಣ್ಣುಮಕ್ಕಳು ಬಾಗಲ್ದಾಗ ಕೂಡಿದ್ರು.

ಹುಲಗೆಮ್ಮ ಸೆರಗು ಹೊತ್ತುಕೊಂಡು, ಒಂದು ಗಳಿಗಿ ಯೋಚನಿ ಮಾಡಿ, ಹೊಳಿಯಪ್ಪನ ಕಡಿ ಓರೆ ಕಣ್ಣಿಲೆ ನೋಡಿದ್ಲು. ಆಕಿ ಏನು ಹೇಳ್ತಾಳ ಅನ್ನೂದು ಅವಗ ತಿಳೀತು. ತಿಳಿದೂ ತಡೀಲಿಲ್ಲ.

"ಹಸರು ಅಂಗಿ, ಹಳದಿ ಗೆರಿ, ಬೆನ್ನ ಮ್ಯಾಲ ಒಂಬತ್ತು,
ಹೊಳಿಯಪ್ಪನವರು ಗೋಲು ಹೊಡದಾಗ ನನ್ನ ಬುಟ್ಟಿ ನಾಯಿ ಬಾಯಾಗಿತ್ತು!"

ಹೆಣ್ಣುಮಕ್ಕಳು ಹೋ ಅಂದ್ರು. "ನಾಯಿ? ಯಾವ ನಾಯಿ?" ಅಂತ ಶ್ವೇತಾ ಕೇಳಿದ್ಲು.

"ಪಗಾರದ ತತ್ತಿ ತಿನ್ನಾಕ ಬಂದ ನಾಯಿ," ಅಂದ ಹೊಳಿಯಪ್ಪ. ಇಪ್ಪತ್ತೇಳು ವರ್ಷ ಬಚ್ಚಿಟ್ಟಿದ್ದನ್ನ ತಾನ ಹೇಳಿಬಿಟ್ಟ. "ನಿಮ್ಮವ್ವ 'ನಾಯಿ ಬಂತ್ರೀ!' ಅಂತ ಚೀರಿದ್ಲು. ನಾ ಹೊಳ್ಳಿ ನೋಡಿದೆ. ಗಂಗಾವತಿಯವ ತಮ್ಮ ಗೋಲಿನಿಂದ ದೂರ ಒದಿಯಾಕ ಹೋದ ಚೆಂಡು ಬಂದು ಬೆನ್ನಿಗೆ ಬಡೀತು. ನಾ ಗೋಲು ನೋಡೇ ಇಲ್ಲವ್ವಾ. ನಾಯಿ ನೋಡಾಕತ್ತಿದ್ದೆ."

ಹನ್ನೊಂದೂ ತತ್ತಿ ನಾಯಿ ತಿಂದಿತ್ತು. ಅವತ್ತು ಪಗಾರ ಯಾರೂ ಕೇಳದ್ದು ಯಾಕಂತ ಈಗ ಎಲ್ಲಾರಿಗೂ ತಿಳೀತು. ಶ್ವೇತಾ ನಕ್ಕೊಂತ ನಕ್ಕೊಂತ ಇಂಗ್ಲೀಷಿಗೆ ತಿರುವಿದ್ಲು, ನಿನೋ ನಕ್ಕೊಂತ ತಮ್ಮ ಭಾಷಾಕ್ಕ ತಿರುವಿದ್ಲು. ಗೇಲಾ ಮಾತ್ರ ಈ ಸಲ ನಗಲಿಲ್ಲ. ಕನ್ನಡಕ ಹಾಕ್ಕೊಂಡು, ಭಾಳ ಶಿಸ್ತಿಲೆ, ಒಂದೊಂದ ಅಕ್ಷರ ಬರಕೊಂಡ. ಹುಲಗೆಮ್ಮನ ಹೆಸರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

*

ಪುಸ್ತಕ ಬಂದದ್ದು ದೀಪಾವಳಿ ಮುಂದ. ಟಪಾಲಿನವ ಅದನ್ನ ಕಚೇರಿಗೆ ಕೊಟ್ಟ, ಹೊಳಿಯಪ್ಪ ಅದನ್ನ ಫೈಲಿನಂಗ ಕಂಕುಳಾಗ ಹಿಡಕೊಂಡು ಶರಣಬಸಪ್ಪನ ಅಂಗಡಿಗೆ ಬಂದ. ಯೂಸುಫ ಬಂದ, ಶ್ವೇತಾ ಬಂದ್ಲು, ಹುಲಗೆಮ್ಮ ಅಂಗಡಿ ಹೊರಗ ಕಟ್ಟಿ ಮ್ಯಾಲ ಕುಂತ್ಲು. ಮಿರ್ಚಿ ಎಣ್ಣ್ಯಾಗ ಬಿದ್ದಿದ್ದುವು.

ಜಿಲೇಬಿ ಅಕ್ಷರದ ನಡುವ ಕೌದಿಯ ಫೋಟೋ ಒಂದು ಪುಟ ತುಂಬ. ಹನ್ನೊಂದು ಅಂಗಿ, ತುದಿಗೆ ಕೂಸು. ನಿನೋ ಜೋಡಿಗೆ ಇಂಗ್ಲೀಷಿನ ಒಂದು ಹಾಳಿ ಕಳಿಸಿದ್ಲು. ಶ್ವೇತಾ ಅದನ್ನ ನೋಡಿ ಕನ್ನಡದಾಗ ಓದಿದ್ಲು. "ತೊಂಬತ್ತೊಂದನೇ ಇಸವಿಯ ನಮ್ಮ ಅಂಗಿಗಳು. ಇನ್ನೂ ಆಟದಾಗ ಅದಾವು."

ಎದುರಿನ ಪುಟ ಕೋಳಿಯಿಂದ ಚಾಲೂ ಆಗಿತ್ತು. ಆರು ಕೋಳಿ, ಒಂದು ಕೆಂಪಂದು. ಶರಣಬಸಪ್ಪ ಮಿರ್ಚಿ ಮಗಚೂ ಝಾರಿ ಕೈಯಾಗ ಹಿಡಕೊಂಡು ನಿಂತು ಕೇಳಿದ. ಮಿರ್ಚಿ ಕರ್ರಗಾದುವು. ಇತಿಹಾಸ ಇನ್ನೂ ಮುಗಿದಿದ್ದಿಲ್ಲ.

ಕಡೀಕ ಗೆದ್ದ ಮ್ಯಾಚು ಬಂತು. ಶ್ವೇತಾ ಅಲ್ಲಿಗೆ ನಿಂತ್ಲು. ಅವ್ವನ ಕಡಿ ನೋಡಿದ್ಲು.

"ಓದವ್ವಾ, ಓದು," ಅಂದ ಯೂಸುಫ.

ಹೊಳಿಯಪ್ಪ ಹಾಳಿ ಆಕಿ ಕೈಯಿಂದ ಇಸಗೊಂಡ. ಇಂಗ್ಲೀಷು ಅವಗ ಅಷ್ಟಕ್ಕಷ್ಟ, ಆದ್ರ ಆ ಎರಡು ಹೆಸರು ಓದಾಕ ಎಷ್ಟು ಇಂಗ್ಲೀಷು ಬೇಕು? ಬೊಟ್ಟು ಇಟ್ಟು, ಕಟ್ಟಿ ಮ್ಯಾಲ ಕುಂತಾಕಿಗೂ ಕೇಳ್ಬೇಕು ಅಂತ ಜೋರಲೆ ಓದಿದ.

"ಗೋಲು, ಹೊಳಿಯಪ್ಪ, ಬೆನ್ನಿಲೆ. ಪಾಸು ಕೊಟ್ಟವರು, ಹುಲಗೆಮ್ಮ."

ಆಮ್ಯಾಲ ಹಾಳಿ ಶರಣಬಸಪ್ಪನ ಮುಂದ ಹಿಡಿದ. "ಇಪ್ಪತ್ತೇಳು ವರ್ಷ ಕೇಳಿದೆಲ್ಲೋ, ಪಾಸ್ ಕೊಟ್ಟಾವ ಯಾರು ಅಂತ," ಅಂದ. "ತಗೋ, ಈಗ ಓದು."